ಸಂಸಾರ ಬಿಟ್ಟ ದೆವ್ವ

ಈ ಬರಹದಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಮೊದಲೇ ಹೇಳಿಬಿಟ್ಟರೆ, ಆಮೇಲೆ ಮನೆಯವರು ಓದಿ ಜಗಳ ತೆಗೆದಾಗ ನನಗೊಂದು ಆಸರೆ ಇರುತ್ತದೆ. ನಾನು ಓದಿದ್ದು ಇತಿಹಾಸ. ಮೈಸೂರಿನಲ್ಲಿ ಎಂ.ಎ. ಮಾಡುವಾಗ ಮೇಷ್ಟರುಗಳು ಹೇಳಿಕೊಟ್ಟ ಮುಖ್ಯ ಪಾಠವೆಂದರೆ, ಕಣ್ಣಾರೆ ಕಂಡೆ ಎನ್ನುವವರನ್ನು ಅಷ್ಟು ಸುಲಭವಾಗಿ ನಂಬಬೇಡಿ ಎನ್ನುವುದು. ಆ ಪಾಠ ನನ್ನ ತಲೆಗೆ ಎಷ್ಟು ಚೆನ್ನಾಗಿ ಹತ್ತಿತೆಂದರೆ, ನಾನು ನನ್ನನ್ನೇ ನಂಬುವುದನ್ನು ಬಿಟ್ಟೆ. ಡೈರಿ ಬರೆಯುವ ಅಭ್ಯಾಸವೇನೋ ಇದೆ. ಆದರೆ ಡೈರಿಯಲ್ಲಿ ಬೇಕಾದ ದಿನ ಬೇಕಾದದ್ದು ಇರುವುದಿಲ್ಲ. ನಾನೀಗ ಹೇಳಹೊರಟಿರುವ ಭಾನುವಾರದ ಪುಟದಲ್ಲಿ "ಅವರೆಕಾಳು ಉಪ್ಪಿಟ್ಟು. ತಲೆನೋವು" ಎಂದಷ್ಟೇ ಇದೆ. ನಮ್ಮ ಮನೆಯಲ್ಲಿ ಒಬ್ಬರ ಬದುಕಿನ ಪ್ರಶ್ನೆಯೇ ತೀರ್ಮಾನವಾದ ದಿನ ನಾನು ಉಪ್ಪಿಟ್ಟಿನ ಬಗ್ಗೆ ಬರೆದು ಮಲಗಿದ್ದೇನೆ.

ತುಮಕೂರಿನ ಚಿಕ್ಕಪೇಟೆಯ ನಮ್ಮ ಮನೆಗೆ ಎಂಬತ್ತರ ದಶಕದ ನಡುವಿನಲ್ಲಿ ಟೀವಿ ಬಂತು, ಅದರ ಹಿಂದೆಯೇ ದೆವ್ವವೂ ಬಂತು. ವಾರಕ್ಕೊಮ್ಮೆ ಬರುತ್ತಿದ್ದ ಹಿಂದಿ ಧಾರಾವಾಹಿ ಅದು. ಒಂದು ಹಳೆಯ ಬಂಗಲೆ, ವಾರಕ್ಕೊಂದು ಹೊಸ ಸಂಸಾರ ಅಲ್ಲಿಗೆ ಬಾಡಿಗೆಗೆ ಬರುವುದು, ವಾರಕ್ಕೊಂದು ಹೊಸ ದೆವ್ವ ಅವರನ್ನು ಕಾಡುವುದು. ಇಷ್ಟು ದೆವ್ವಗಳಿರುವ ಮನೆಗೆ ಮತ್ತೆ ಮತ್ತೆ ಬಾಡಿಗೆದಾರರು ಹೇಗೆ ಸಿಗುತ್ತಾರೆ ಎನ್ನುವುದು ಅಪ್ಪನ ಒಂದೇ ತಕರಾರಾಗಿತ್ತು. ಇನ್ನೇನು ಮುಗಿಯುತ್ತದೆ ಎನ್ನುತ್ತಲೇ ಅದು ವರ್ಷಗಟ್ಟಲೆ ಓಡಿತು. ಅದಕ್ಕೊಂದು ಉದ್ದನೆಯ ಹಿಂದಿ ಹೆಸರಿತ್ತು. ನಮ್ಮ ಮನೆಯಲ್ಲಿ ಅದನ್ನು ಯಾರೂ ಬಳಸಲಿಲ್ಲ, 'ದೆವ್ವ' ಎಂದರೆ ಸಾಕಿತ್ತು. ದೆವ್ವದ ಹೊತ್ತಿಗೆ ಅಡುಗೆ ಮುಗಿಯಬೇಕು, ದೆವ್ವ ಮುಗಿದ ಮೇಲೆ ಊಟ. ಒಮ್ಮೆ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದರು. ಕಾಫಿ ತಿಂಡಿಯೆಲ್ಲ ಆಗಿ ಅವರು ಹೊರಡಲು ಎದ್ದಾಗ ಅಮ್ಮ ಗಡಿಯಾರ ನೋಡಿ, "ಇನ್ನೇನು ಐದು ನಿಮಿಷ, ದೆವ್ವ ನೋಡ್ಕೊಂಡೇ ಹೋಗಿ" ಎಂದು ಉಪಚಾರ ಮಾಡಿದಳು. ಹುಡುಗನ ತಾಯಿ ಒಮ್ಮೆ ನನ್ನತ್ತ ತಿರುಗಿ ನೋಡಿದರು. ಆ ಸಂಬಂಧ ಮುಂದುವರಿಯಲಿಲ್ಲ.

ಎಪ್ಪತ್ತರ ದಶಕದಲ್ಲಿ, ನಾವು ಚಿಕ್ಕವರಾಗಿದ್ದಾಗ, ದೆವ್ವಗಳ ವಿಷಯದಲ್ಲಿ ಭಾಷೆಯ ತೊಂದರೆ ಇರಲಿಲ್ಲ. ಗುಬ್ಬಿಯಿಂದ ಬೆಳ್ಳಾವಿಯವರೆಗೆ ನಮಗೆ ಗೊತ್ತಿದ್ದ ದೆವ್ವಗಳೆಲ್ಲ ಅಚ್ಚ ಕನ್ನಡದಲ್ಲಿ ಸುಣ್ಣ ಕೇಳುತ್ತಿದ್ದವು, ಎಲೆ ಅಡಿಕೆ ಕೇಳುತ್ತಿದ್ದವು. ಟೀವಿಯ ದೆವ್ವಕ್ಕೆ ಮಾತ್ರ ಹಿಂದಿ ಬಿಟ್ಟು ಬೇರೆ ಬರುತ್ತಿರಲಿಲ್ಲ. ನಮಗೆ ಹಿಂದಿ ಅರ್ಧಂಬರ್ಧ. ಅರ್ಧಂಬರ್ಧ ಗೊತ್ತಿರುವುದು ಏನೂ ಗೊತ್ತಿಲ್ಲದ್ದಕ್ಕಿಂತ ಅಪಾಯ, ಏಕೆಂದರೆ ಹಿಂದಿಯಲ್ಲಿ ನಮ್ಮವೇ ಮಾತುಗಳು ಬೇರೆ ಅರ್ಥ ಹೊತ್ತು ಓಡಾಡುತ್ತಿರುತ್ತವೆ. ಒಂದು ವಾರ ಬಾವಿಯೊಳಗಿಂದ ಎದ್ದ ದೆವ್ವವೊಂದು, ಇದು ನಿನಗೆ ಕೊನೆಯ 'ಅವಸರ್' ಎಂದು ಗುಡುಗಿತು. ಅದು ಹೇಳಿದ್ದು ಕೊನೆಯ ಅವಕಾಶ ಅಂತ. ಅಮ್ಮನಿಗೆ ಕೇಳಿಸಿದ್ದು ನಮ್ಮ ಅವಸರ. "ಸತ್ತ ಮೇಲೂ ಏನೇ ಇದಕ್ಕೆ ಅರ್ಜೆಂಟು?" ಎಂದು ಅವಳು ಬಹಳ ಮರುಗಿದಳು. ಇನ್ನೊಂದು ವಾರ ಮಂತ್ರವಾದಿಯೊಬ್ಬ ತಾನು ಎಷ್ಟೋ 'ಚೇಷ್ಟಾ' ಮಾಡಿದೆ ಎಂದು ಕಣ್ಣೀರಿಟ್ಟ. ಪಾಪ, ಅವನು ಪ್ರಯತ್ನಪಟ್ಟೆ ಎನ್ನುತ್ತಿದ್ದ. ನಾವು ಚೇಷ್ಟೆ ಎಂದುಕೊಂಡು, ಈ ವಯಸ್ಸಿನಲ್ಲಿ ಇವನಿಗಿದು ಬೇಕಿತ್ತೇ ಎಂದು ಬೈದೆವು.

ಇಂಥ ಕಡೆಗಳಲ್ಲಿ ನಮ್ಮನ್ನು ದಾರಿಗೆ ತರುತ್ತಿದ್ದವಳು ವಿಶಾಲು ಚಿಕ್ಕಮ್ಮ. ಅಮ್ಮನ ತಂಗಿ, ನಮ್ಮ ಜೊತೆಯಲ್ಲೇ ಇದ್ದವಳು. ಮನೆಯಲ್ಲೇ ಕುಳಿತು ಓದಿ ಹಿಂದಿ ಪರೀಕ್ಷೆಗಳನ್ನೆಲ್ಲ ಒಂದರ ಮೇಲೊಂದು ಪಾಸು ಮಾಡಿಕೊಂಡು, ಸಂಜೆ ನಡುಮನೆಯಲ್ಲಿ ಬೀದಿಯ ಮಕ್ಕಳಿಗೆ ಹಿಂದಿ ಟ್ಯೂಷನ್ ಹೇಳುತ್ತಿದ್ದಳು. ಅವಳು ನಮ್ಮ ಮನೆಗೆ ಬಂದದ್ದಕ್ಕೆ ಕಾರಣ ಚಿಕ್ಕಪ್ಪ. ದಾವಣಗೆರೆ ಕಡೆ ಒಂದು ಕೆಲಸವಿದೆ ಎಂದು ಹೊರಟವರು ಹಿಂದಿರುಗಲೇ ಇಲ್ಲ. ಸತ್ತಿರಲಿಲ್ಲ. ಆಗೀಗ ಯಾರಾದರೂ ಅವರನ್ನು ಯಾವುದಾದರೂ ಬಸ್ ಸ್ಟ್ಯಾಂಡಿನಲ್ಲಿ ಕಂಡ ಸುದ್ದಿ ತರುತ್ತಿದ್ದರು. ಬೀದಿಯ ಹೆಂಗಸರು ವಿಚಾರಿಸಿದರೆ ಅಮ್ಮ ತಗ್ಗಿದ ದನಿಯಲ್ಲಿ "ಸಂಸಾರ ಬಿಟ್ಟು ಹೋದ್ರು" ಎನ್ನುವಳು. ಈ ಮೂರು ಪದಗಳು ನಮ್ಮ ಮನೆಯಲ್ಲಿ ಚಿಕ್ಕಪ್ಪನ ಹೆಸರಿನಂತೆಯೇ ಆಗಿಹೋಗಿದ್ದವು. ಚಿಕ್ಕಮ್ಮ ಮಾತ್ರ ಅವರ ಪ್ರಸ್ತಾಪ ಎತ್ತುತ್ತಿರಲಿಲ್ಲ. ಎತ್ತಲೇಬೇಕಾಗಿ ಬಂದಾಗ, ಪಡಿತರ ಚೀಟಿಯ ಆಫೀಸಿನಂಥ ಕಡೆ, "ನಮ್ಮನೆಯವರು" ಎಂದು ಬಹುವಚನದಲ್ಲೇ ಹೇಳುತ್ತಿದ್ದಳು.

ಅವಳು ಅನುವಾದ ಮಾಡುತ್ತಿದ್ದ ರೀತಿಯೇ ಒಂದು ನೋಟ. ಟೀವಿಯ ಪಕ್ಕದಲ್ಲಿ, ನಮ್ಮ ಕಡೆ ಅರ್ಧ ಮುಖ ಮಾಡಿ ಕುಳಿತು, ಸಿನಿಮಾ ನೋಡುವವಳಂತಲ್ಲ, ಹರಿಕಥೆ ಮಾಡುವವಳಂತೆ ಹೇಳುವಳು. ಪಾತ್ರಗಳ ಅಂತಸ್ತು ಅವಳ ಸರ್ವನಾಮದಲ್ಲಿ ತಿಳಿಯುತ್ತಿತ್ತು. ಮನೆಯ ಯಜಮಾನ ಬಂದರೆ 'ಅವರು', ಆಳು ಬಂದರೆ 'ಅವನು', ದೆವ್ವ ಬಂದರೆ 'ಅದು'. ಹೀಗಾಗಿ ಯಾರು ದೆವ್ವ ಎನ್ನುವುದು, ಧಾರಾವಾಹಿ ತೆಗೆದವರು ಬಚ್ಚಿಟ್ಟಿದ್ದರೂ, ನಮಗೆ ಮೊದಲೇ ಗೊತ್ತಾಗಿಬಿಡುತ್ತಿತ್ತು. ಎದುರುಮನೆಯ ಫಾತಿಮಾ ಆಂಟಿಯೂ ಪ್ರತಿ ವಾರ ಬಂದು ನಮ್ಮ ಜೊತೆ ಕೂರುತ್ತಿದ್ದರು. ಮನೆಯಲ್ಲಿ ಉರ್ದು ಆಡುವ ಅವರಿಗೆ ಅನುವಾದ ಬೇಕಿರಲಿಲ್ಲ. ನ್ಯಾಯವಾಗಿ ಅವರೇ ನಮಗೆ ಅರ್ಥ ಹೇಳಬೇಕಿತ್ತು. ಆದರೆ ಪರೀಕ್ಷೆ ಪಾಸು ಮಾಡಿದವರ ಎದುರು ತಾವು ಬಾಯಿ ಹಾಕುವುದು ಸರಿಯಲ್ಲವೆಂದು ಅವರು ಸೆರಗಿನ ತುದಿ ಹಿಡಿದು ಸುಮ್ಮನಿರುತ್ತಿದ್ದರು. ಅವರ ಮುಖ ಮಾತ್ರ ಸುಮ್ಮನಿರುತ್ತಿರಲಿಲ್ಲ. ಚಿಕ್ಕಮ್ಮ ಬಾಯಿ ತೆರೆಯುವ ಮೊದಲೇ ಅವರು ನಕ್ಕುಬಿಡುವರು ಅಥವಾ ಕಣ್ಣೊರೆಸಿಕೊಳ್ಳುವರು. ನಾವು ಅವರನ್ನು ನೋಡಿ ಮುಂಗಡವಾಗಿ ಸಿದ್ಧರಾಗುತ್ತಿದ್ದೆವು.

ಈಗ 'ಚಪ್ಪಲಿ ದೆವ್ವ'ಕ್ಕೆ ಬರುತ್ತೇನೆ. ಪ್ರತಿ ಕಂತಿಗೂ ನಾವು ಹೀಗೊಂದು ಹೆಸರಿಟ್ಟಿದ್ದೆವು: ಬಾವಿ ದೆವ್ವ, ಹೊಲಿಗೆ ಮಷೀನ್ ದೆವ್ವ, ಪೋಸ್ಟ್‌ಮ್ಯಾನ್ ದೆವ್ವ. ಚಪ್ಪಲಿ ದೆವ್ವದ ಕತೆ ಇಷ್ಟೇ. ಬಂಗಲೆಯಲ್ಲಿ ಒಬ್ಬ ಹೆಂಗಸು ಒಂಟಿಯಾಗಿದ್ದಾಳೆ. ಪಕ್ಕದ ಮನೆಯಾಕೆ ಗಂಡನ ವಿಷಯ ಕೇಳಿದರೆ, "ವೋ ತೋ ಸಂಸಾರ್ ಛೋಡ್ ಕರ್ ಚಲೇ ಗಯೇ" ಎನ್ನುತ್ತಾಳೆ. ಒಂದು ಸಂಜೆ ಬಾಗಿಲ ಹೊರಗೆ ಒಂದು ಜೊತೆ ಗಂಡಸರ ಚಪ್ಪಲಿ ಕಾಣಿಸುತ್ತದೆ. ಮಾರನೆಯ ದಿನ ಚಪ್ಪಲಿಯ ಪಕ್ಕದಲ್ಲಿ ಬಿಳಿ ಪಂಚೆಯ ಒಬ್ಬ ಗಂಡಸು. ಒಳಗೆ ಕರೆ ಎನ್ನುವಂತೆ ಕೈ ಚಾಚುತ್ತಾನೆ. ಆಕೆ ಅವನನ್ನು ಒಂದಷ್ಟು ಹೊತ್ತು ನೋಡುತ್ತಾಳೆ, ಬಗ್ಗಿ ಚಪ್ಪಲಿ ಎತ್ತಿ ಗೇಟಿನ ಆಚೆ ಇಟ್ಟು ಬಂದು, ಬಾಗಿಲು ಹಾಕಿಕೊಳ್ಳುತ್ತಾಳೆ. ಅಷ್ಟೇ, ಮುಗಿಯಿತು. ಚಿಕ್ಕಮ್ಮ ಅಂದು ಆ ಹೆಂಗಸಿನ ಮಾತನ್ನು, ಅದರಲ್ಲಿ ಅನುವಾದಿಸುವುದಕ್ಕೆ ಏನೂ ಇಲ್ಲವೇನೋ ಎನ್ನುವಂತೆ, "ಅವನು ಸಂಸಾರ ಬಿಟ್ಟು ಹೋದ" ಎಂದು ಹೇಳಿದಳು. ನಮ್ಮ ಮನೆಯದೇ ಮಾತು ಹಿಂದಿಯವರ ಬಾಯಲ್ಲಿ ಬಂದದ್ದು ಕೇಳಿ ಅಮ್ಮ ನನ್ನ ಮೊಣಕೈ ಹಿಂಡಿದಳು. ಚಿಕ್ಕಮ್ಮ ಮನೆಯ ಯಜಮಾನನನ್ನು 'ಅವನು' ಎಂದದ್ದು ಅದೇ ಮೊದಲು. 'ಅದು' ಎನ್ನಲೇ ಇಲ್ಲ. ಹೀಗಾಗಿ ಆ ಕಂತಿನಲ್ಲಿ ದೆವ್ವವೇ ಇಲ್ಲವೆಂದೂ, ಹೆಂಡತಿಯನ್ನು ಬಿಟ್ಟು ಓಡಿದವನೊಬ್ಬ ಮುಖ ಹೊತ್ತು ವಾಪಸು ಬಂದಾಗ ಆಕೆ ಹೊರಗೆ ಹಾಕಿದಳೆಂದೂ ನಾವೆಲ್ಲ ತಿಳಿದೆವು. ಫಾತಿಮಾ ಆಂಟಿಯ ಮುಖದಲ್ಲಿ ಅಂದು ಏನಿತ್ತೆಂದು ನಾನು ನೋಡಲಿಲ್ಲ, ಅಥವಾ ನೋಡಿ ಮರೆತಿದ್ದೇನೆ.

ಅತ್ತ ಗುಬ್ಬಿಯಲ್ಲಿ, ಅಮ್ಮನ ಅಣ್ಣ ನಾಗರಾಜ ಮಾವನ ಮನೆಯಲ್ಲೂ ಇದೇ ದೆವ್ವ ಓಡುತ್ತಿತ್ತು. ಮಾವನದು ಕೊಬ್ಬರಿ ಮಂಡಿ. ಉತ್ತರದ ವ್ಯಾಪಾರಿಗಳ ಜೊತೆ ಮಾತಾಡಿ ಮಾತಾಡಿ ಅವರಿಗೆ ಒಂದು ಬಗೆಯ ಹಿಂದಿ ಹತ್ತಿತ್ತು. ಅದರಲ್ಲಿ ಭಾವ್, ಮಾಲ್, ಲಾರಿ, ಕಲ್, ಪರ್ಸೋ ಇವೆಲ್ಲ ಚೆನ್ನಾಗಿದ್ದವು. ದೆವ್ವಗಳು ಕೊಬ್ಬರಿಯ ವಿಷಯ ಮಾತಾಡಿದ್ದರೆ ಅವರನ್ನು ಹಿಡಿಯುವವರಿರಲಿಲ್ಲ. ಇನ್ನು ಕುಣಿಗಲ್ಲಿನಲ್ಲಿ ದೊಡ್ಡಮ್ಮ, ಇವರೆಲ್ಲರ ಹಿರಿಯಕ್ಕ. ಅಲ್ಲಿ ಅನುವಾದಕರೂ ಇಲ್ಲ, ಸರಿಯಾದ ಚಿತ್ರವೂ ಇಲ್ಲ. ಅವಳ ಟೀವಿಯಲ್ಲಿ ಒಬ್ಬೊಬ್ಬರ ಪಕ್ಕದಲ್ಲೂ ಅವರದೇ ಮಸುಕು ನೆರಳೊಂದು ನಿಂತಿರುತ್ತಿತ್ತು. ಬಹಳ ದಿನ ಅವಳು ಅದು ಅವಳಿ ಮಕ್ಕಳ ಕತೆಯೆಂದೇ ತಿಳಿದಿದ್ದಳು. ಸಾಲದ್ದಕ್ಕೆ ಅವಳ ಮನೆ ಕುದುರೆ ಫಾರಂ ಹತ್ತಿರ. ರಾತ್ರಿ ಕುದುರೆ ಕೆನೆದರೆ ಅದು ಟೀವಿಯ ಕುದುರೆಯೋ ಊರಿನದೋ ತಿಳಿಯದೆ, ಕುದುರೆಯೇ ಇಲ್ಲದ ಕಂತುಗಳಲ್ಲೂ ಅವಳು ಕುದುರೆಗಾಗಿ ಕಾದು ಕುಳಿತಿರುತ್ತಿದ್ದಳು.

ಆ ಭಾನುವಾರ ಬೆಳಿಗ್ಗೆ ಮಾವ ಮತ್ತು ದೊಡ್ಡಮ್ಮ ಇಬ್ಬರೂ, ಒಬ್ಬರು ಗುಬ್ಬಿ ಬಸ್ಸಿನಲ್ಲಿ, ಒಬ್ಬಳು ಕುಣಿಗಲ್ ಬಸ್ಸಿನಲ್ಲಿ, ಹೇಳಿ ಕಳಿಸದೆ ಬಂದಿಳಿದರು. ಹಬ್ಬವಿಲ್ಲ, ಹರಿದಿನವಿಲ್ಲ. ಏನು ವಿಶೇಷವೆಂದು ಕೇಳಿದರೆ ಮಾವ, ಮಂಡಿಪೇಟೆಯಲ್ಲಿ ಹಗ್ಗ ಕೊಳ್ಳಬೇಕಿತ್ತು ಎಂದರು. ಭಾನುವಾರ ಯಾವ ಅಂಗಡಿ ತೆರೆದಿರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಅಡುಗೆಮನೆಯಲ್ಲಿ ಅಮ್ಮ ಅವರೆಕಾಳು ಬೇಯಿಸುತ್ತ ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದಳು: "ನಿಮ್ಮ ಚಿಕ್ಕಪ್ಪ ಗುಬ್ಬಿಗೆ ಬಂದವ್ರಂತೆ ಕಣೇ. ಮಂಡಿಲೇ ಕೂತವ್ರಂತೆ. ವಿಶಾಲು ಸೇರಿಸ್ಕೊಂಡ್ರೆ ಬರ್ತೀನಿ ಅಂತ ಅವ್ರೆ. ಅಣ್ಣ ಅದನ್ನ ಹೇಳಕ್ಕೆ ಬಂದವ್ನೆ, ಅಕ್ಕ ಒಪ್ಸಕ್ಕೆ ಬಂದವ್ಳೆ. ನೀನು ಬಾಯಿ ಬಿಡ್ಬೇಡ."

ನಾನು ಬಾಯಿ ಬಿಡಲಿಲ್ಲ. ಕಷ್ಟವೆಂದರೆ ಅವರೂ ಬಿಡಲಿಲ್ಲ. ಉಪ್ಪಿಟ್ಟು ಆಯಿತು, ಕಾಫಿ ಆಯಿತು. ಮಾವ ದೊಡ್ಡಮ್ಮನ ಮುಖ ನೋಡುವರು, ದೊಡ್ಡಮ್ಮ ಅಮ್ಮನ ಮುಖ ನೋಡುವಳು, ಅಮ್ಮ ಖಾಲಿ ಲೋಟಗಳನ್ನು ಮತ್ತೆ ಜೋಡಿಸುವಳು. ಅಪ್ಪ ಪರಿಸ್ಥಿತಿ ಅರಿತು, ಆಂಟೆನಾ ಸರಿಮಾಡುವ ನೆಪದಲ್ಲಿ ತಾರಸಿಗೆ ಹತ್ತಿದವರು ಇಳಿಯಲೇ ಇಲ್ಲ. ಇಷ್ಟರಲ್ಲಿ ಫಾತಿಮಾ ಆಂಟಿ ಒಂದು ಬಟ್ಟಲು ಶಾವಿಗೆ ಪಾಯಸ ಹಿಡಿದು ಬಂದು, ನೆಂಟರನ್ನು ಕಂಡು ಸಂತೋಷಪಟ್ಟು, ಅವರೂ ಕೂತರು. ಆ ಮೌನ ನನಗೆ ತಡೆಯಲಾಗಲಿಲ್ಲ. ವಿಶ್ವವಿದ್ಯಾಲಯದಿಂದ ಆಗಷ್ಟೇ ಬಂದಿದ್ದ ನನಗೆ ಕಂಡದ್ದನ್ನೆಲ್ಲ ವಿಂಗಡಿಸಿ ದರ್ಜೆ ಹಚ್ಚುವ ಚಟವಿತ್ತು. ದೆವ್ವದ ಧಾರಾವಾಹಿ ಹಿಂದಿನ ವಾರವಷ್ಟೇ ಮುಗಿದಿತ್ತು. ಎಲ್ಲರೂ ಒಟ್ಟಿಗೆ ಸಿಕ್ಕಿದ್ದೇವೆ, ಅಷ್ಟೂ ದೆವ್ವಗಳಲ್ಲಿ ಒಂದನೇ ನಂಬರ್ ಯಾವುದು, ಎರಡನೆಯದು ಯಾವುದು ಎಂದು ಇವತ್ತು ತೀರ್ಮಾನ ಮಾಡಿಬಿಡೋಣ ಎಂದೆ. ಭಯಕ್ಕಿಷ್ಟು, ಕತೆಗಿಷ್ಟು, ಮುಕ್ತಾಯಕ್ಕಿಷ್ಟು ಎಂದು ಅಂಕಗಳ ವ್ಯವಸ್ಥೆಯನ್ನೂ ವಿವರಿಸಿದೆ. ಬೇರೆ ದಿನವಾಗಿದ್ದರೆ ಯಾರೂ ಕಿವಿಗೊಡುತ್ತಿರಲಿಲ್ಲ. ಅಂದು ಎಲ್ಲರೂ ಮುಳುಗುವವರು ಹಲಗೆ ಹಿಡಿದಂತೆ ಅದನ್ನು ಹಿಡಿದುಕೊಂಡರು.

ಮೊದಲು ಸುಸೂತ್ರವಾಗಿಯೇ ನಡೆಯಿತು. ದೊಡ್ಡಮ್ಮನ ಮತ ಹೊಲಿಗೆ ಮಷೀನ್ ದೆವ್ವಕ್ಕೆ, ಏಕೆಂದರೆ ಅದರಲ್ಲಿ ಮಾತು ಕಡಿಮೆ, ಮಷೀನ್ ತಾನಾಗಿ ತಿರುಗುವುದು ಕುಣಿಗಲ್ಲಿನಲ್ಲೂ ಕಾಣುತ್ತಿತ್ತು. ಅಮ್ಮ ಅವಸರದ ಬಾವಿ ದೆವ್ವದ ಪಕ್ಷ. ಮಾವ ಪೋಸ್ಟ್‌ಮ್ಯಾನ್ ದೆವ್ವವನ್ನು ಎತ್ತಿ ಹಿಡಿದರು. ಫಾತಿಮಾ ಆಂಟಿ, ನಿಮಗೆಲ್ಲ ಯಾವುದೋ ನನಗೂ ಅದೇ ಎಂದು ನಕ್ಕರು. ಕೊನೆಗೆ ಚಿಕ್ಕಮ್ಮನ ಸರದಿ. ಅವಳು ಕಾಲ ಬಳಿಯ ಮೊರದಲ್ಲಿ ಅಕ್ಕಿ ಆರಿಸುತ್ತ, ತಲೆಯೆತ್ತದೆ, ಚಪ್ಪಲಿ ದೆವ್ವ ಎಂದಳು. ಭಯದಲ್ಲಿ ಸೊನ್ನೆ, ಮುಕ್ತಾಯಕ್ಕೆ ಪೂರಾ ಅಂಕ. ಏಕೆಂದು ಕೇಳಿದರೆ, ಅದೊಂದೇ ನಿಜವಾದ ಕತೆ, ಅದರಲ್ಲಿ ದೆವ್ವವೇ ಇಲ್ಲ ಎಂದಳು.

ಮಾವ ಲೋಟ ಕೆಳಗಿಟ್ಟರು. "ದೆವ್ವ ಇಲ್ವಾ? ಆ ಗಂಡ ಸತ್ತಿರ್ತಾನಲ್ಲೇ."

ಯಾರು ಹೇಳಿದ್ದು ಎಂದಳು ಚಿಕ್ಕಮ್ಮ. ಆ ಹೆಂಗಸೇ ಹೇಳುತ್ತಾಳಲ್ಲ, ಸಂಸಾರ್ ಛೋಡ್ ಗಯೇ ಅಂತ ಎಂದರು ಮಾವ. ಹೌದು, ಸಂಸಾರ ಬಿಟ್ಟು ಹೋದ ಅಂತ ಎಂದಳು ಚಿಕ್ಕಮ್ಮ. ಅಲ್ಲವೇ ಅಲ್ಲ, ಹಿಂದಿಯಲ್ಲಿ ಸಂಸಾರ್ ಅಂದರೆ ಹೆಂಡತಿ ಮಕ್ಕಳಲ್ಲ, ಪ್ರಪಂಚ. ಪ್ರಪಂಚ ಬಿಟ್ಟು ಹೋದ ಎಂದರೆ ತೀರಿಕೊಂಡ ಎಂದರ್ಥ ಎಂದು ಮಾವ ಮೊಣಕಾಲ ಮೇಲೆ ಕೈಯೂರಿ ವಾದಕ್ಕೆ ಕೂತರು. ನಮಗೆಲ್ಲ ಆಶ್ಚರ್ಯ. ಕೊಬ್ಬರಿ ಹಿಂದಿಯಲ್ಲಿ ಇಷ್ಟು ಸೂಕ್ಷ್ಮ ಎಲ್ಲಿಂದ ಬಂತೆಂದು ಅಮ್ಮ ಕೇಳಿಯೇಬಿಟ್ಟಳು. ಮಾವ ಸ್ವಲ್ಪ ನಾಚಿಕೆಯಿಂದ ಪುರಾವೆ ಒದಗಿಸಿದರು. ಕೆಲವು ವರ್ಷಗಳ ಕೆಳಗೆ ಉತ್ತರದ ವ್ಯಾಪಾರಿಯೊಬ್ಬರ ಮಗ ಟ್ರಂಕ್ ಕಾಲ್ ಮಾಡಿ, ಪಿತಾಜಿ ಸಂಸಾರ್ ಛೋಡ್ ಗಯೇ ಎಂದನಂತೆ. ಮಾವನಿಗೆ ಆದದ್ದು ದುಃಖವಲ್ಲ, ಸಿಟ್ಟು: ಎಂಬತ್ತು ಮುಟ್ಟಿದ ಮುದುಕ, ಈ ವಯಸ್ಸಿನಲ್ಲಿ ಹೆಂಡತಿಯನ್ನು ಬಿಟ್ಟು ಎಲ್ಲಿಗೆ ಓಡಿದ ಅಂತ. ಆದರೂ ಹುಡುಗನಿಗೆ ಧೈರ್ಯ ಹೇಳಬೇಕಲ್ಲ. "ಫಿಕರ್ ಮತ್ ಕರೋ. ನಮ್ಮನೇಲೂ ಒಬ್ರು ಹಂಗೇ ಹೋಗವ್ರೆ. ಎಲ್ಲಿಗೆ ಹೋಗ್ತಾರೆ, ವಾಪಸ್ ಆಯೇಗಾ," ಎಂದು ಸಮಾಧಾನ ಮಾಡಿದರಂತೆ. ಆ ಕಡೆ ಬಹಳ ಹೊತ್ತು ಮಾತೇ ಇರಲಿಲ್ಲವಂತೆ. ಮುದುಕ ತೀರಿಕೊಂಡಿದ್ದನೆಂದು ಮಾವನಿಗೆ ತಿಳಿದದ್ದು ಆಮೇಲೆ ಕಾಗದ ಬಂದಾಗ. "ಮೂರು ನಿಮಿಷ ಮುಗೀತು ಅಂತ ಎಕ್ಸ್‌ಚೇಂಜ್‌ನವರು ಕಟ್ ಮಾಡಿದ್ರು, ನನ್ನ ಮಾನ ಉಳೀತು," ಎಂದರು.

ನಾವೆಲ್ಲ ನಕ್ಕೆವು. ಫಾತಿಮಾ ಆಂಟಿ ಸೆರಗು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಚಿಕ್ಕಮ್ಮನೂ ನಕ್ಕಳು, ಆದರೆ ಎಲ್ಲರಿಗಿಂತ ಬೇಗ ನಿಲ್ಲಿಸಿದಳು. 'ನಮ್ಮನೇಲೂ ಒಬ್ರು' ಎನ್ನುವುದು ನಗುವಿನ ಅಡಿಯಲ್ಲಿ ಉಳಿದುಕೊಂಡಿತ್ತು. ಮಾವನಿಗೂ ಅದು ತಿಳಿದಿರಬೇಕು, ಅದನ್ನೇ ಎಳೆ ಹಿಡಿದು ಮುಂದುವರಿದರು. ಆ ಗಂಡ ಒಳ್ಳೆಯವನು, ಹೆಂಡತಿಯ ಮೇಲಿನ ಆಸೆಯಿಂದ ಬಂದಿದ್ದಾನೆ, ಆಕೆ ಹೆದರಿ ಬಾಗಿಲು ಹಾಕಿಕೊಂಡಳು, ಪಾಪ, ಆಮೇಲೆ ಎಷ್ಟು ಅತ್ತಳೋ ಎಂದರು. ಬೇಕಾದರೆ ನೆನಪು ಮಾಡಿಕೊ, ಅವನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ ಎಂದರು.

"ಸತ್ತೋನು ಚಪ್ಪಲಿ ಹಾಕ್ಕೊಂಡು ಬರ್ತಾನಾ ಅಣ್ಣ?" ಎಂದಳು ಚಿಕ್ಕಮ್ಮ.

"ದೆವ್ವ ಅಂದ್ಮೇಲೆ ಅದರ ಇಷ್ಟ ಕಣೇ."

ದೊಡ್ಡಮ್ಮನಿಗೆ ಈಗ ಗೊಂದಲ. ಕುಣಿಗಲ್ಲಿನಲ್ಲಿ ಬಾಗಿಲಿಗೆ ಬಂದವರು ಇಬ್ಬರು, ಚಪ್ಪಲಿ ಎರಡು ಜೊತೆ. ಅಣ್ಣತಮ್ಮಂದಿರು ಆಸ್ತಿ ಕೇಳಲು ಬಂದಿದ್ದಾರೆಂದು ಅವಳು ಇಷ್ಟು ದಿನ ತಿಳಿದಿದ್ದಳು. ಅವಳು ಸತ್ತವನು ಯಾರು ಎಂದು ವಿಚಾರಿಸುತ್ತಿರುವಾಗಲೇ ಮಾವ ಕಟಕಟೆಗೆ ಸಾಕ್ಷಿಯನ್ನು ಕರೆದರು. ಮನೆಯಲ್ಲಿ ಅದೇ ಭಾಷೆ ಆಡುವವರು ಇಲ್ಲೇ ಇದ್ದಾರಲ್ಲ, ಫಾತಿಮಮ್ಮನವರೇ ಹೇಳಲಿ, ಸಂಸಾರ್ ಎಂದರೇನು ಎಂದರು. ಎಲ್ಲರೂ ಅತ್ತ ತಿರುಗಿದೆವು. ಚಿಕ್ಕಮ್ಮನ ಬೆರಳು ಮೊರದಲ್ಲಿ ನಿಂತಿತು. ಅವಳ ಒಂದನೇ ನಂಬರ್ ಉಳಿಯುವುದು ಬೀಳುವುದು ಎದುರುಮನೆಯವರ ಒಂದು ಮಾತಿನಲ್ಲಿತ್ತು, ಅದರ ಜೊತೆ ಇನ್ನೂ ಏನೇನೋ ಇತ್ತು. ಚಿಕ್ಕಪ್ಪ ಗುಬ್ಬಿಯಲ್ಲಿರುವ ಸುದ್ದಿ ಫಾತಿಮಾ ಆಂಟಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಅವರು ಪಾಯಸದ ಖಾಲಿ ಬಟ್ಟಲನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದರು.

"ನಾವು ದುನಿಯಾ ಅಂತೀವಿ ಅಣ್ಣ. ಸಂಸಾರ ಅನ್ನೋದು ನಮ್ಮ ಮಾತಲ್ಲ, ನಿಮ್ಮದೇ. ಅದರ ಅರ್ಥ ನನಗಿಂತ ವಿಶಾಲಮ್ಮಂಗೇ ಚೆನ್ನಾಗಿ ಗೊತ್ತು."

ಮಾವ ಇದನ್ನು ತಮ್ಮ ಸೋಲೆಂದು ಬಗೆದು ಬೇಸರಪಟ್ಟರು. ಅರ್ಥ ಗೊತ್ತಿಲ್ಲ ಎನ್ನುವವರು ಅದಕ್ಕೆ ಸರಿಯಾದ ಇನ್ನೊಂದು ಪದವನ್ನು ಹೇಗೆ ಹೇಳಿದರು ಎಂದು ಯಾರೂ ಕೇಳಲಿಲ್ಲ. ನನಗೆ ಅಂದೇ ಇದು ಹೊಳೆಯಿತೋ, ಬರೆಯುವಾಗ ಹೊಳೆಯಿತೋ ಹೇಳಲಾರೆ.

ಮಾವ ಒಂದು ಸಲ ದೊಡ್ಡಮ್ಮನ ಕಡೆ ನೋಡಿ, ಗಂಟಲು ಸರಿಮಾಡಿಕೊಂಡು, ಇಷ್ಟು ಹೊತ್ತು ಬಾರದ ಮಾತನ್ನು ದೆವ್ವದ ಭುಜದ ಮೇಲೆ ಕೂರಿಸಿ ಕಳಿಸಿದರು. "ಹೋಗ್ಲಿ ಬುಡು, ನೀನು ಹೇಳ್ದಂಗೇ ಇರ್ಲಿ. ಬದುಕವ್ನೆ ಅಂತ್ಲೇ ಇಟ್ಕೊ. ತಪ್ಪು ಮಾಡ್ದೆ ಅಂತ ಬಾಗಿಲಿಗೆ ಬಂದವ್ನೆ. ಕೂದಲು ಬೆಳ್ಳಗಾಗೈತೆ. ಒಳಗೆ ಬಾ ಅಂತ ಒಂದು ಮಾತು ಅಂದಿದ್ರೆ ಏನಾಗ್ತಿತ್ತು?"

ಧಾರಾವಾಹಿಯ ಗಂಡನ ಕೂದಲು ಕಪ್ಪಗೆ ಇತ್ತು. ಅದು ಆ ಕೋಣೆಯಲ್ಲಿದ್ದ ಎಲ್ಲರಿಗೂ, ಕುಣಿಗಲ್ ದೊಡ್ಡಮ್ಮನಿಗೂ ಕೂಡ, ಗೊತ್ತಿತ್ತು.

ಚಿಕ್ಕಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದಳು. ಕೈಗೆ ಹತ್ತಿದ್ದ ಅಕ್ಕಿಯ ಧೂಳನ್ನು ಸೆರಗಿಗೆ ಒರೆಸಿಕೊಂಡಳು. "ಅವನು ಒಳಗೆ ಬರೋದಿಲ್ಲ ಅಣ್ಣ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಮಕ್ಕಳಿಗೆ ಉಕ್ತಲೇಖನ ಹೇಳುವಾಗ ಪ್ರತಿ ಪದವನ್ನೂ ಬಿಡಿಸಿ ಹೇಳುವಂತೆ ಹೇಳಿದಳು. ನಾನು ಗಮನಿಸಿದ್ದು ವ್ಯಾಕರಣವನ್ನು. ಅವಳು 'ಬರಲಿಲ್ಲ' ಎನ್ನಲಿಲ್ಲ. ಎಷ್ಟೋ ತಿಂಗಳ ಹಿಂದೆ ಮುಗಿದ ಕಂತಿನ ಬಗ್ಗೆ ಮಾತಾಡುವವರು ಭೂತಕಾಲದಲ್ಲಿ ಮಾತಾಡಬೇಕು. ಮತ್ತೆ, ಅಷ್ಟು ವರ್ಷ ಚಿಕ್ಕಪ್ಪನಿಗೆ ಹಚ್ಚುತ್ತಿದ್ದ ಬಹುವಚನ ಆ ವಾಕ್ಯದಲ್ಲಿ ಎಲ್ಲೂ ಇರಲಿಲ್ಲ.

ತಾರಸಿಯಿಂದ ಅಪ್ಪ "ಈಗ ಬಂತಾ?" ಎಂದು ಕೂಗಿ ಕೇಳಿದರು. ಟೀವಿ ಹಾಕಿಯೇ ಇರಲಿಲ್ಲ. ಮೊದಲು ಅಲುಗಾಡಿದವಳು ದೊಡ್ಡಮ್ಮ. ಒಪ್ಪಿಸಬೇಕೆಂದು ಕುಣಿಗಲ್ಲಿನಿಂದ ಬಸ್ಸು ಹತ್ತಿ ಬಂದಿದ್ದವಳು ಅವಳು. ಗಂಡಸು ತಾನಾಗಿ ತಿರುಗಿ ಬಂದರೆ ಹೆಂಗಸು ಹಳೆ ಲೆಕ್ಕ ತೆಗೆಯಬಾರದು ಎನ್ನುವುದು ಅವಳು ನಮಗೆಲ್ಲ ಎಷ್ಟೋ ಸಲ ಮಾಡಿದ್ದ ಉಪದೇಶ. ಅವಳು ಚಿಕ್ಕಮ್ಮನ ಮೊರವನ್ನು ತನ್ನತ್ತ ಎಳೆದುಕೊಂಡು, ತಾನೂ ನಾಲ್ಕು ಕಲ್ಲು ಹೆಕ್ಕಿದಳು.

"ಹೊಲಿಗೆ ಮಷೀನ್ದು ಎರಡನೇದಕ್ಕೆ ಹಾಕು ಕಣೇ," ಎಂದಳು ನನಗೆ. "ನಂದೂ ಚಪ್ಪಲಿದೇ ಒಂದನೇದು."

ಅಮ್ಮ ತಕ್ಷಣ ಬಾವಿಯನ್ನು ಕೈಬಿಟ್ಟಳು. ಫಾತಿಮಾ ಆಂಟಿ ಮೊದಲೇ ಎಲ್ಲರ ಮತವೇ ತಮ್ಮದೆಂದು ಹೇಳಿದ್ದರಿಂದ ಅವರನ್ನು ಕೇಳುವ ಅಗತ್ಯವಿರಲಿಲ್ಲ. ಮಾವ ಪೋಸ್ಟ್‌ಮ್ಯಾನ್‌ಗೆ ಅಂಟಿಕೊಂಡೇ ಕೂತರು, ಆದರೆ ಹೆಚ್ಚು ವಾದಿಸಲಿಲ್ಲ. ಅಂತೂ ಅಷ್ಟು ವರ್ಷ ಓಡಿದ ದೆವ್ವದ ಧಾರಾವಾಹಿಯಲ್ಲಿ, ನಮ್ಮ ಕುಟುಂಬದ ಬಹುಮತದ ಪ್ರಕಾರ, ದೆವ್ವವೇ ಇಲ್ಲದ ಕಂತು ಒಂದನೇ ಸ್ಥಾನ ಪಡೆಯಿತು. ನನ್ನ ಅಂಕಗಳ ವ್ಯವಸ್ಥೆಯನ್ನು ಯಾರೂ ನೆನೆಯಲಿಲ್ಲ.

ಮಧ್ಯಾಹ್ನದ ಊಟ ಮುಗಿಸಿ ಮಾವ ಬಸ್ಸಿಗೆ ಹೊರಟಾಗ ನಾನು ಬೀದಿಯ ತಿರುವಿನವರೆಗೆ ಜೊತೆಗೆ ಹೋದೆ. ಅವರು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತ, "ಅವ್ನು ಮಂಡಿಲಿ ಕಾಯ್ತಾ ಕೂತವ್ನೆ. ಹೋಗಿ ಏನಂತ ಹೇಳ್ಲವ್ವ? ನಿಂದು ಒಂದನೇ ನಂಬರ್ ಬಂತು ಕಣಯ್ಯ ಅಂತ ಹೇಳ್ಲಾ?" ಎಂದರು. ನಗಬೇಕೋ ಬೇಡವೋ ತಿಳಿಯಲಿಲ್ಲ. ಏನು ಹೇಳಿದರೋ ನನಗೆ ಗೊತ್ತಿಲ್ಲ. ಚಿಕ್ಕಪ್ಪ ಕೆಲವು ದಿನ ಗುಬ್ಬಿಯಲ್ಲಿದ್ದು, ಮತ್ತೆ ದಾವಣಗೆರೆಯ ಬಸ್ಸು ಹತ್ತಿದರೆಂದು ಆಮೇಲೆ ತಿಳಿಯಿತು. ಚಿಕ್ಕಮ್ಮನ ಎದುರು ಆ ವಿಷಯ ಯಾರೂ ಎತ್ತಲಿಲ್ಲ. ಎತ್ತುವುದಕ್ಕೆ ಏನೂ ಉಳಿದಿರಲಿಲ್ಲ.

ಅಂದರೆ, ನನ್ನನ್ನು ಬಿಟ್ಟು ಉಳಿದವರಿಗೆ. ಕೆಲವು ವಾರಗಳ ನಂತರ ಒಂದು ಸಂಜೆ ನಾನು ಕೋಣೆಯಲ್ಲಿ ಏನೋ ಓದುತ್ತಿದ್ದೆ. ನಡುಮನೆಯಲ್ಲಿ ಟ್ಯೂಷನ್ ಮಕ್ಕಳು ಸಮಾನಾರ್ಥಕ ಪದಗಳನ್ನು ರಾಗವಾಗಿ ಒಪ್ಪಿಸುತ್ತಿದ್ದರು. ಜಲ್ ಎಂದರೆ ಪಾನಿ, ನೀರ್. ಸೂರಜ್ ಎಂದರೆ ರವಿ, ದಿನಕರ್. ಸಂಸಾರ್ ಎಂದರೆ ವಿಶ್ವ, ಜಗತ್, ದುನಿಯಾ. ಒಬ್ಬ ಹುಡುಗಿ ಸಂಸಾರ್ ಎಂದರೆ ಪರಿವಾರ್ ಎಂದಳು. ಚಿಕ್ಕಮ್ಮ ಅವಳನ್ನು ನಿಲ್ಲಿಸಿ, ಮಗು, ಆ ಅರ್ಥ ಇರುವುದು ಕನ್ನಡದಲ್ಲಿ, ಹಿಂದಿಯಲ್ಲಲ್ಲ, ಪ್ರತಿ ವರ್ಷ ಎಲ್ಲರೂ ಇದೇ ತಪ್ಪು ಮಾಡುತ್ತೀರಿ ಎಂದು ತಿದ್ದಿದಳು.

ಪ್ರತಿ ವರ್ಷ. ನಾನು ಪುಸ್ತಕ ಮುಚ್ಚಿದೆ. ಮೂಲ ಆಕರವೇ ಎದುರಿಗೆ ಕುಳಿತಿರುವಾಗ ಅನುಮಾನ ಇಟ್ಟುಕೊಳ್ಳಬಾರದೆಂದು ನಮಗೆ ಕಲಿಸಿದ್ದಾರೆ. ಮಕ್ಕಳೆಲ್ಲ ಹೋಗಲೆಂದು ಕಾದು, ಚಾಪೆ ಸುತ್ತುತ್ತಿದ್ದ ಚಿಕ್ಕಮ್ಮನ ಎದುರು ನಿಂತು, ಸಂಶೋಧಕಿಗೆ ತಕ್ಕ ತಟಸ್ಥ ದನಿಯಲ್ಲಿ ಕೇಳಿದೆ. ಅವಳು ಚಾಪೆಯ ಇನ್ನೊಂದು ತುದಿ ಹಿಡಿದುಕೊಳ್ಳಲು ಹೇಳಿದಳು. ಹಿಡಿದುಕೊಂಡೆ. ಆಮೇಲೆ ಪೊರಕೆ ತರಲು ಹೇಳಿದಳು, ತಂದುಕೊಟ್ಟೆ. ಈಗ ಆ ಬ್ಯಾಚಿನ ಮಕ್ಕಳು ಹೋಗಿ ಹೊಸ ಬ್ಯಾಚು ಬಂದಿದೆ. ನಾನು ಕೆಲಸಕ್ಕೆ ಸೇರಿ, ಹುಡುಗರಿಗೆ ಆಕರಗಳನ್ನು ಪ್ರಶ್ನಿಸುವುದು ಹೇಗೆಂದು ಪಾಠ ಮಾಡುತ್ತಿದ್ದೇನೆ. ಮನೆಗೆ ಬಂದಾಗಲೆಲ್ಲ ನನ್ನ ಆಕರದ ಎದುರು ಚಾಪೆಯ ತುದಿ ಹಿಡಿದು ನಿಂತು, ಅದೇ ಮಾತನ್ನು ಇನ್ನೊಮ್ಮೆ ಕೇಳುತ್ತೇನೆ:

"ಚಿಕ್ಕಮ್ಮ, ಆವತ್ತು ಟೀವಿ ಮುಂದೆ ಕೂತಾಗ್ಲೂ ನಿಂಗೆ ಗೊತ್ತಿತ್ತಲ್ವಾ, ಸಂಸಾರ್ ಅಂದ್ರೆ ಏನು ಅಂತ?"